ಯಾದಿ ಬರದ್ರ ನಡೀತದ, ಪ್ರಶ್ನೆ ಬರದ್ರ ತಪ್ಪಾ?

ಮೊನ್ನೆ ಅರಿಷಿಣ-ಕುಂಕುಮಕ್ಕ ಕೂಡಿದಾಗ ನನ್ನ ತಂಗಿ ಮಗಳ ಸುದ್ದಿ ತಗದು ಎಲ್ಲಾರೂ ನಕ್ಕಿದ್ದೇ ನಕ್ಕಿದ್ದು. ಆಕಿ ಬೆಂಗಳೂರಾಗ ನೌಕರಿ ಮಾಡ್ತಾಳ. ಹುಡುಗನ್ನ ಕಾಫಿಗೆ ಭೆಟ್ಟಿ ಆಗೂ ಮೊದಲ ಏನೇನು ಮಾತಾಡಬೇಕು ಅಂತ ಮೊಬೈಲಿನ್ಯಾಗ ಬರಕೊಂಡು ಹೋಗ್ತಾಳ. ಬಂದ ಮ್ಯಾಲೆ ಅಂವ ಏನಂದ ಅಂತನೂ ಬರದಿಡ್ತಾಳ. "ಇದೇನವಾ, ಲಗ್ನನೋ ಪರೀಕ್ಷಾನೋ?" ಅಂದ್ರಿ.

ಅಕ್ಕಾರ, ವೈನ್ಯಾರ, ನಾವೇನು ಬರಿಯಂಗಿಲ್ಲೇನು? ಎಷ್ಟು ತೊಲಿ ಬಂಗಾರ, ಊಟದ ಖರ್ಚು ಯಾರದು, ಬೀಗರಿಗೆ ಎಷ್ಟು ಸೀರಿ, ಎಲ್ಲಾ ಯಾದಿ ಮಾಡಿ ಹಿರ್ಯಾರ ಸಹಿ ಹಾಕಿಸ್ತೀವಿ. ವರದಕ್ಷಿಣೆ ಕೊಡೂದು, ತಗೊಳ್ಳೂದು ಎರಡೂ ಅಪರಾಧ ಅಂತ 1961ರಾಗನ ಕಾಯ್ದೆ ಬಂದದ. ಆದ್ರೂ ಬಂಗಾರದ ಯಾದಿಗೆ ಯಾರೂ ನಗಂಗಿಲ್ಲ, ಹುಡುಗಿ ಪ್ರಶ್ನೆಗೆ ನಗು ಬರ್ತದ!

ನನ್ನ ನೋಡ್ಲಿಕ್ಕೆ ಬಂದಾಗ ಉಪ್ಪಿಟ್ಟಿನ ತಾಟು ಹಿಡಕೊಂಡು ಹೋಗಿದ್ದೆ. ಪಿಯುಸಿ ಮುಗದಿತ್ತು. ಮುಂದ ಕಲೀಲಿಕ್ಕೆ ಬಿಡ್ತೀರೇನು ಅಂತ ಕೇಳೂದು ಮನಸಿನ್ಯಾಗಿತ್ತು. ಅಷ್ಟು ಮಂದಿ ಮುಂದ ಅಂಜಿಕಿ ಬಂದು ಮಾತು ಗಂಟಲದಾಗನ ಉಳೀತು. ಕೈಯಾಗ ಒಂದು ಚೀಟಿ ಇದ್ದಿದ್ರ ಕೇಳ್ತಿದ್ನೋ ಏನೋ. ಲಗ್ನ ಆತು, ಪುಸ್ತಕ ಅಟ್ಟ ಏರಿದ್ವು.

ಆಕಿಗೂ ಒಂದು ಮಾತು ಹೇಳೇನಿ: ಇಂಟರ್ನೆಟ್ಟಿನ್ಯಾಗಿನ ಪ್ರಶ್ನೆ ಗಿಳಿಪಾಠ ಒಪ್ಪಿಸಬ್ಯಾಡ. ನಿನಗ ಬೇಕಾದ್ದು ಕೇಳು, ಅಂವ ಹೇಳೂದನ್ನೂ ಪೂರ್ತಿ ಕೇಳು.

ಮನ್ಯಾಗ ಲಗ್ನದ ಹುಡುಗಿ ಇದ್ರ ನಗಬ್ಯಾಡ್ರಿ. ಕೈಯಾಗ ಒಂದು ಪೆನ್ನು ಕೊಡ್ರಿ.