ಹುಂಜ ಕೂಗಿತು, ಪೈಲಟ್ ಎದ್ದ

ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗೇ ಆಗೋದಿಲ್ಲ ಅಂತ ತಿಳಿದಿದ್ದ ಅಜ್ಜಿಯ ಕಥೆ ನಮಗೆಲ್ಲ ಗೊತ್ತು. ಆ ಅಜ್ಜಿ ಹವಾಯಿಯ ಕವಾಯಿ ದ್ವೀಪದಲ್ಲಿದ್ದಿದ್ದರೆ ಪಾಪ, ಯಾವ ಹುಂಜಕ್ಕೆ ಡ್ಯೂಟಿ ಹಾಕೋದು ಅಂತ ತಿಳಿಯದೆ ಒದ್ದಾಡಿಬಿಡುತ್ತಿದ್ದಳು. ಅಲ್ಲಿ ಬೀದಿ, ಬೀಚು, ಪಾರ್ಕಿಂಗ್ ಜಾಗ ಎಲ್ಲೆಲ್ಲೂ ಯಾರದೂ ಅಲ್ಲದ ಕೋಳಿಗಳು. 1982ರ ಇವಾ, 1992ರ ಇನಿಕಿ ಚಂಡಮಾರುತಗಳಲ್ಲಿ ಗೂಡು ಮುರಿದು ಹೊರಬಿದ್ದವು ಕಾಡು ಸೇರಿ ಸಂಸಾರ ಬೆಳೆಸಿದವು ಅನ್ನುತ್ತಾರೆ. ಪ್ರವಾಸಿಗಳಿಗೆ ಅದೊಂದು ಮೋಜು. ಆದರೆ ರಾತ್ರಿ ವಿಮಾನ ಇಳಿಸಿ ಹೋಟೆಲಿನಲ್ಲಿ ನಾಲ್ಕು ತಾಸು ಮಲಗಿ ಮತ್ತೆ ಹಾರಬೇಕಾದ ಪೈಲಟ್‌ಗೆ, ಗಗನಸಖಿಗೆ?

ಬೆಳಗಾದ ಮೇಲೆ ತಾನೇ ಕೂಗೋದು, ಎದ್ದರೇನಂತೆ ಅಂತೀರಾ? ಹಾಗಲ್ಲ ಸ್ವಾಮಿ. ಹುಂಜದ ಮೈಯೊಳಗೇ ಒಂದು ಗಡಿಯಾರ ಇದೆ ಅಂತ 2013ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು ತೋರಿಸಿದರು. ಬೆಳಕು ಹರಿಯುವ ಸುಮಾರು ಎರಡು ತಾಸು ಮೊದಲೇ ಅದು ಶುರು ಮಾಡುತ್ತದೆ. ಬೆಳಕು ಬಿದ್ದರೂ, ಇನ್ನೊಂದು ಕೂಗಿದ್ದು ಕೇಳಿದರೂ ಕೂಗುತ್ತದೆ. ಗುಂಪಿನ ಯಜಮಾನ ಮೊದಲು, ಉಳಿದವು ದರ್ಜೆಯ ಪ್ರಕಾರ ಆಮೇಲೆ ಅಂತ 2015ರಲ್ಲಿ ಅವರೇ ಹೇಳಿದರು. (ನಮ್ಮ ಬ್ಯಾಂಕಿನ ಮೀಟಿಂಗಿನಲ್ಲೂ ಇದೇ ಪದ್ಧತಿ!)

2019ರಲ್ಲಿ ಫ್ರಾನ್ಸಿನಲ್ಲಿ ಮೊರೀಸ್ ಅನ್ನೋ ಹುಂಜದ ಮೇಲೆ ಕೇಸು ನಡೆದಿತ್ತು, ನೆನಪಿರಬಹುದು. ರಜೆಗೆ ಬಂದು ಹೋಗುವ ನೆರೆಯವರು ಹಾಕಿದ್ದು. ಹುಂಜವೇ ಗೆದ್ದಿತು, ನನಗೂ ಖುಷಿಯಾಯಿತು. ರಜೆಗೆ ಬಂದವರಿಗೆ ನಿದ್ದೆ ಕೆಟ್ಟರೆ ಊಟ ಮಾಡಿ ಮಧ್ಯಾಹ್ನ ಮಲಗಲಿ. ಪೈಲಟ್‌ಗೆ ಆ ಅನುಕೂಲ ಇಲ್ಲವಲ್ಲ. ಬ್ಯಾಂಕಿನಲ್ಲಿ ನಾನು ತೂಕಡಿಸಿಕೊಂಡು ತಪ್ಪು ಎಂಟ್ರಿ ಹಾಕಿದರೆ ಸಂಜೆ ತಾಳೆ ನೋಡುವಾಗ ಸಿಕ್ಕಿಬೀಳುತ್ತದೆ, ತಿದ್ದಬಹುದು.

ಮಂಗಳೂರನ್ನು ಮರೆತಿಲ್ಲ ತಾನೇ? 2010ರ ಮೇ 22, ಬೆಳಗಿನ ಆರು ಗಂಟೆ ಸುಮಾರು. ದುಬೈನಿಂದ ಬಂದ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು, ಉಳಿದವರು ಎಂಟೇ ಮಂದಿ. ಹಾರಾಟದ ನಡುವೆ ಕ್ಯಾಪ್ಟನ್ ಬಹಳ ಹೊತ್ತು ನಿದ್ದೆ ಮಾಡಿದ್ದರು, ಎದ್ದ ಮೇಲೂ ನಿದ್ದೆಯ ಮಂಕು ಇತ್ತು ಅಂತ ತನಿಖೆ ಹೇಳಿತು. ಇಳಿಯೋದು ಬೇಡ, ಮೇಲಕ್ಕೆ ಹೋಗೋಣ ಅಂತ ಜೊತೆಯ ಪೈಲಟ್ ಮೂರು ಸಲ ಹೇಳಿದ್ದೂ ಫಲ ಕೊಡಲಿಲ್ಲ. ಅಲ್ಲಿ ಯಾವ ಹುಂಜದ ತಪ್ಪೂ ಇಲ್ಲ. ನಿದ್ದೆ ಅನ್ನೋದು ಎಷ್ಟು ದೊಡ್ಡ ವಿಷಯ ಅಂತ ಹೇಳಿದೆ, ಅಷ್ಟೇ.

2024ರ ಜನವರಿಯಲ್ಲಿ ಡಿಜಿಸಿಎ ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36ರಿಂದ 48 ತಾಸಿಗೆ ಏರಿಸುವ ನಿಯಮ ತಂದಿತು. ಜಾರಿಗೆ ಬರಲು 2025ರ ಜುಲೈ ಆಯಿತು. ಡಿಸೆಂಬರ್‌ನಲ್ಲಿ ಹೊಸ ನಿಯಮಗಳಿಗೆ ಪೈಲಟ್‌ಗಳು ಸಾಲದೆ ಇಂಡಿಗೋ ಸಾವಿರಾರು ಹಾರಾಟ ರದ್ದು ಮಾಡಿದಾಗ ಜನ ಬೈದದ್ದು ನಿಯಮವನ್ನೂ ಸೇರಿಸಿಯೇ. ಇರಲಿ. ನಿಯಮವೇನೋ ತಾಸು ಎಣಿಸುತ್ತದೆ, ಆ ತಾಸುಗಳಲ್ಲಿ ಕಣ್ಣು ಹತ್ತಿತೋ ಇಲ್ಲವೋ ಯಾರು ನೋಡಬೇಕು? ನಮ್ಮ ಮುಂಬಯಿಯಲ್ಲಂತೂ ಕೋಳಿಗಿಂತ ಮದುವೆಯ ಬ್ಯಾಂಡು, ಕಟ್ಟಡದ ಡ್ರಿಲ್ಲಿಂಗು ಜೋರು. ಶಬ್ದಮಾಲಿನ್ಯದ ಕಾನೂನಿಗೆ ರಾತ್ರಿ ಅಂದರೆ ಹತ್ತರಿಂದ ಬೆಳಗ್ಗೆ ಆರು. ರಾತ್ರಿಯೆಲ್ಲ ಹಾರಿ ಬಂದವನ ರಾತ್ರಿ ಶುರುವಾಗೋದೇ ಏಳಕ್ಕೆ!

ಹುಂಜವನ್ನು ಊರು ಬಿಡಿಸಿ ಅಂತ ನಾನು ಹೇಳೋದಿಲ್ಲ. ಸಿಬ್ಬಂದಿಗೆ ಹೋಟೆಲ್ ಗೊತ್ತು ಮಾಡುವ ಅಧಿಕಾರಿಗಳು ರೇಟಿನ ಚೌಕಾಶಿ ಮುಗಿಸಿ ಸಹಿ ಹಾಕುವ ಮೊದಲು ಒಂದು ರಾತ್ರಿ, ಒಂದು ಹಗಲು ಅಲ್ಲೇ ಮಲಗಿ ನೋಡಲಿ. ಹಿತ್ತಿಲ ಕಡೆ ಕಿಟಕಿ ಇರುವ ರೂಮಿನಲ್ಲಿ.