ದೂತನ ಮಾತಿಗೆ ಸ್ಕ್ರಿಪ್ಟ್ ಇಲ್ಲ

ಸೆನ್ಸಾರ್‌ನವರನ್ನು ಗೇಲಿ ಮಾಡುವ ಸ್ಕಿಟ್ಟನ್ನೇ ಸೆನ್ಸಾರ್ ಮಾಡಿದರೆ ಹೇಗಿರತ್ತೆ? ಇದು ಕಟ್ಟುಕತೆ ಅಲ್ಲ, ನಡೆದದ್ದೇ. 1967ರಲ್ಲಿ ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ ಟಾಮ್ ಮತ್ತು ಡಿಕ್ ಸ್ಮದರ್ಸ್ ಅನ್ನೋ ಅಣ್ಣತಮ್ಮಂದಿರ ಕಾಮಿಡಿ ಶೋ ಶುರುವಾಯ್ತು. ಸಿನಿಮಾ ಸೆನ್ಸಾರ್ ಮಾಡುವ ಇಬ್ಬರ ಬಗ್ಗೆ ಎಲೇನ್ ಮೇ ಜೊತೆ ಮಾಡಿದ ಸ್ಕಿಟ್‌ಗೆ ಚಾನೆಲ್‌ನವರೇ ಕತ್ತರಿ ಹಾಕಿದರು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಪೀಟ್ ಸೀಗರ್ ಆ ಶೋದಲ್ಲಿ ಒಂದು ಹಾಡು ಹಾಡಿದರು. ನೀರು ಏರುತ್ತಿದ್ದರೂ ಸೈನಿಕರನ್ನು ನದಿಯೊಳಗೆ ಮುಂದೆ ಮುಂದೆ ನಡೆಸುವ ಕ್ಯಾಪ್ಟನ್‌ನ ಕತೆ ಅದು. ಅಧ್ಯಕ್ಷ ಜಾನ್ಸನ್ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಆದರೆ ವಿಯೆಟ್ನಾಂ ಯುದ್ಧದ ಕಾಲ, ಮಾತು ಯಾರಿಗೆ ಅಂತ ಬಿಡಿಸಿ ಹೇಳಬೇಕಿರಲಿಲ್ಲ. ಹಾಡು ಪ್ರಸಾರ ಆಗಲೇ ಇಲ್ಲ. ಗಲಾಟೆ ಆದಮೇಲೆ 1968ರ ಫೆಬ್ರವರಿಯಲ್ಲಿ ಮತ್ತೆ ಕರೆಸಿ ಹಾಡಿಸಿದರು.

ಚಾನೆಲ್‌ನವರ ಹಿಡಿತ ಇದ್ದದ್ದು ಒಂದೇ ಕಡೆ: ಪ್ರಸಾರಕ್ಕೆ ದಿನಗಳ ಮೊದಲೇ ಟೇಪ್ ಕೈಗೆ ಬರಬೇಕು. 1969ರ ಏಪ್ರಿಲ್‌ನಲ್ಲಿ 'ಟೇಪ್ ಸಮಯಕ್ಕೆ ಬರಲಿಲ್ಲ' ಅಂತ ಕಾರಣ ಕೊಟ್ಟು ಶೋವನ್ನೇ ನಿಲ್ಲಿಸಿದರು. ಅಣ್ಣತಮ್ಮಂದಿರು ಕೋರ್ಟಿಗೆ ಹೋಗಿ 1973ರಲ್ಲಿ ಗೆದ್ದರು. ಅಷ್ಟು ಹೊತ್ತಿಗೆ ನಾಲ್ಕು ವರ್ಷ ಕಳೆದಿತ್ತು.

ನಮ್ಮಲ್ಲಿ ಟಿವಿ ಅಂದರೆ ದೂರದರ್ಶನ. 1997ರಲ್ಲಿ ಪ್ರಸಾರ ಭಾರತಿ ಬರುವವರೆಗೂ ಅದು ಸರ್ಕಾರದ್ದೇ ಇಲಾಖೆ. ಅಲ್ಲೂ 1989ರಲ್ಲಿ ಜಸ್ಪಾಲ್ ಭಟ್ಟಿ 'ಫ್ಲಾಪ್ ಶೋ' ಮಾಡಿ ಗುತ್ತಿಗೆದಾರರು, ಪಿಎಚ್‌ಡಿ ಗೈಡ್‌ಗಳನ್ನೆಲ್ಲ ಚುಚ್ಚಿದರು. ಹತ್ತೇ ಕಂತು, ಈಗಲೂ ಜನ ನೆನಪಿಸಿಕೊಳ್ತಾರೆ. ಅದಕ್ಕೂ ಮೊದಲು ತುರ್ತುಪರಿಸ್ಥಿತಿಯಲ್ಲಿ ಪತ್ರಿಕೆಗಳು ಕೂಡ ಅಚ್ಚಿಗೆ ಮುಂಚೆ ಅಧಿಕಾರಿಗೆ ತೋರಿಸಬೇಕಿತ್ತು. ಅದನ್ನು ಪ್ರತಿಭಟಿಸಿ ಪದ್ಮಭೂಷಣ ಹಿಂತಿರುಗಿಸಿದವರು ನಮ್ಮ ಕೋಟದ ಶಿವರಾಮ ಕಾರಂತರು.

ಕೋಟದ ಪಕ್ಕದ ಸಾಲಿಗ್ರಾಮ ನನ್ನೂರು. ನಮ್ಮೂರಿನ ಹೆಸರಲ್ಲೇ ಒಂದು ಯಕ್ಷಗಾನ ಮೇಳ ಇದೆ. ಟಿವಿ ಇಲ್ಲದ ಕಾಲದಿಂದಲೂ ನಮ್ಮ ಕಡೆ ದೊಡ್ಡವರನ್ನು ತಮಾಷೆ ಮಾಡುವ ಕೆಲಸ ಆಟದ ಹಾಸ್ಯಗಾರನದ್ದು. ಅವನು ದೂತ ಆಗ್ತಾನೆ, ಬಾಹುಕ ಆಗ್ತಾನೆ, ಕಂಸನ ಅರಮನೆಯ ಅಗಸ ಆಗ್ತಾನೆ. ರಾಜ 'ಯಾಕೋ ತಡ?' ಅಂತ ಗದರಿದ ಅಂದುಕೊಳ್ಳಿ. ದೂತ ಕೈಮುಗಿದು, "ಒಡೆಯಾ, ಸಾಸ್ತಾನದಲ್ಲಿ ಟೋಲ್ ಕಟ್ಟಿ ಬಪ್ಪತ್ತಿಗೆ ತಡ ಆಯ್ತ್" ಅಂದರೆ ಸಾಕು, ಇಡೀ ಡೇರೆ ನಗತ್ತೆ. ಮುಂದಿನ ಸಾಲಲ್ಲಿ ಕೂತ ಜನಪ್ರತಿನಿಧಿಯೂ ನಗಲೇಬೇಕು!

ಈ ಮಾತನ್ನು ಮೊದಲೇ ತಡೆಯೋದು ಹೇಗೆ? ಆಗಲ್ಲ. ಯಾಕಂದ್ರೆ ಪ್ರಸಂಗದ ಪುಸ್ತಕದಲ್ಲಿ ಇರೋದು ಪದ್ಯ ಮಾತ್ರ. ಮಾತೆಲ್ಲ ರಂಗದ ಮೇಲೆ ಆ ಹೊತ್ತಿಗೆ ಹುಟ್ಟಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ರಿವ್ಯೂ ಇಲ್ಲ, ನೇರ ಪ್ರೊಡಕ್ಷನ್. ಹಾಗಂತ ಕಡಿವಾಣ ಇಲ್ಲ ಅಂತಲ್ಲ. ಮಾತು ಹಳಿ ತಪ್ಪಿದರೆ ಭಾಗವತರು ಮುಂದಿನ ಪದ ಎತ್ತಿಬಿಡ್ತಾರೆ, ದೂತ ಕುಣಿಯಲೇಬೇಕು. ನಗು ಬರದಿದ್ದರೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ. ಪುರಾಣದ ಪಾತ್ರದ ಬಾಯಲ್ಲಿ ಇವತ್ತಿನ ರಾಜಕೀಯ ಯಾಕೆ ಅಂತ ಬೇಸರಿಸುವ ಹಿರಿಯರೂ ಇದ್ದಾರೆ. ಔಚಿತ್ಯದ ಆ ಪ್ರಶ್ನೆ ನ್ಯಾಯವಾದದ್ದೇ.

ಆದರೆ ಈಗ ಡೇರೆಯೊಳಗೆ ಹೊಸ ಪ್ರೇಕ್ಷಕ ಬಂದಿದ್ದಾನೆ: ಮೊಬೈಲ್ ಕ್ಯಾಮೆರಾ. ರಾತ್ರಿ ಆಡಿದ ಆಟದಿಂದ 30 ಸೆಕೆಂಡ್ ಕತ್ತರಿಸಿ ಬೆಳಗ್ಗೆ ವಾಟ್ಸ್ಯಾಪ್‌ಗೆ ಬಿಡ್ತಾರೆ. ರಾಜ ಏನು ಕೇಳಿದ, ದೂತ ಯಾಕೆ ಹಾಗಂದ ಅನ್ನೋದು ಅದರಲ್ಲಿ ಇರಲ್ಲ. ಒಂದು ಪಕ್ಷದವರು ಚಪ್ಪಾಳೆ ಹೊಡೀತಾರೆ, ಇನ್ನೊಂದು ಪಕ್ಷದವರು 'ಯಾವ ಮೇಳ ಇದು?' ಅಂತ ಕೇಳ್ತಾರೆ. ಆಟ ಆಡಿಸುವವರಿಗೆ ಫೋನ್ ಹೋಗಬಹುದು ಅನ್ನೋ ಅಂಜಿಕೆ ಇದ್ದರೆ ಸಾಕು, ದೂತ ಚೌಕಿಯಲ್ಲೇ ಮಾತನ್ನು ನುಂಗಿಕೊಳ್ತಾನೆ. ಸಿಬಿಎಸ್ ಟೇಪ್ ತರಿಸಿಕೊಂಡು ಮಾಡಿದ ಕೆಲಸವನ್ನು ನಾವು ಫಾರ್ವರ್ಡ್ ಮಾಡಿ ಮಾಡ್ತೀವಿ.

ಇನ್ನೂ ಒಂದು ಅಪಾಯ ಇದೆ. ಬೈಸಿಕೊಳ್ಳದೆ ಇರೋಕೆ ಸುಲಭದ ದಾರಿ ಅಂದರೆ ಎದುರಿಗೆ ಕೂತವರಿಗೆ ಇಷ್ಟವಾಗದ ಪಕ್ಷವನ್ನು ಮಾತ್ರ ಗೇಲಿ ಮಾಡೋದು. ನಗು ಗ್ಯಾರಂಟಿ, ತೊಂದರೆ ಇಲ್ಲ. ಆದರೆ ಅದು ವಿಡಂಬನೆ ಅಲ್ಲ, ಹೊಗಳುಭಟ್ಟರ ಕೆಲಸ. ದೂತ ತಮಾಷೆ ಮಾಡೋದು ದೂರದ ಶತ್ರು ರಾಜನನ್ನಲ್ಲ, ತನಗೆ ಸಂಬಳ ಕೊಡುವ ರಾಜನನ್ನ, ಅವನ ಎದುರೇ ನಿಂತು. ಅದಕ್ಕೇ ಅವನ ಮಾತಿಗೆ ಬೆಲೆ.

ಮುಂದಿನ ಸಲ ಹಾಸ್ಯಗಾರನ ಕ್ಲಿಪ್ ಒಂದು ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬಂದರೆ ಒಂದು ಕೆಲಸ ಮಾಡಿ. ಯೂಟ್ಯೂಬ್‌ನಲ್ಲಿ ಪೂರ್ತಿ ಆಟ ಸಿಗತ್ತಾ ನೋಡಿ, ಆ ಸನ್ನಿವೇಶದ ಹಿಂದಿನ ಹತ್ತು ನಿಮಿಷ, ಮುಂದಿನ ಹತ್ತು ನಿಮಿಷ ನೋಡಿ. ಆಮೇಲೂ ಸಿಟ್ಟು ಬಂದರೆ ಸರಿ, ಸಿಟ್ಟು ಮಾಡ್ಕೊಳ್ಳಿ. ನಗು ಬಂದರೆ ಈ ಮಳೆಗಾಲ ಮುಗಿದು ಮೇಳ ಹೊರಟಾಗ ಊರಿಗೆ ಬನ್ನಿ, ಟಿಕೆಟ್ ತಗೊಂಡು ಡೇರೆಯಲ್ಲೇ ಕೂತು ನೋಡುವ.