ಚಮಚೆಯ ಮದ್ದಿಗೆ ಬೆಲೆ ಇಲ್ಲವೆ?

ನಮ್ಮ ಕಡೆ ಕೂಸಿಗೆ ಹೊಟ್ಟೆ ಝಾಡಿಸಲು ಹತ್ತಿತೆಂದರೆ ಮನೆಯಲ್ಲಿ ಮೊದಲು ನಡೆಯುವುದು ಮದ್ದಲ್ಲ, ವಿಚಾರಣೆ. "ನೀ ಏನ ತಿಂದಿದ್ದಿ? ಯಾರ ಕಣ್ಣ ಬಿತ್ತು?" ಆರೋಪಿ ಹೆತ್ತವಳೇ. ಆಮೇಲೆ ತೀರ್ಪು: "ನೀರ ಕೊಡಬ್ಯಾಡ್ರಿ, ಕೊಟ್ಟಷ್ಟೂ ಹೊರಗ ಬರತೈತಿ." ಈ ತೀರ್ಪಿನ ಮೇಲೆಯೇ ನನ್ನ ತಕರಾರು. ಸೋರುವ ಕೊಡಕ್ಕೆ ನೀರು ಹಾಕುವುದನ್ನು ಬಿಟ್ಟರೆ ಸೋರುವುದು ನಿಲ್ಲುತ್ತದೆ, ನಿಜ. ಕೊಡ ಬರಿದಾದ ಮೇಲೆ! ವಾಂತಿಭೇದಿಯಲ್ಲಿ ಕೂಸಿನ ಜೀವಕ್ಕೆ ಕುತ್ತು ಬರುವುದು ಹೆಚ್ಚಾಗಿ ಮೈಯೊಳಗಿನ ನೀರು, ಉಪ್ಪು ಬತ್ತುವುದರಿಂದ.

1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ಸಲಾಯಿನ್ ಬಾಟಲಿ ಸಾಲದಾದಾಗ ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು, ಅಡಿಗೆ ಸೋಡಾ, ಗ್ಲುಕೋಸು ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಇರಿಸಿದರು. ಕುಡಿಸಿದವರು ಯಾರು? ರೋಗಿಗಳ ಮನೆಯವರೇ. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಗ್ಲುಕೋಸು ಜೊತೆಗಿದ್ದರೆ ಕೆಟ್ಟ ಕರುಳೂ ಉಪ್ಪನ್ನು ಹೀರುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಇಷ್ಟೇ ಗುಟ್ಟು.

ಆ ಪುಡಿಯ ಪಾಕೀಟು ಇಂದು ಆಶಾ ಕಾರ್ಯಕರ್ತೆಯ ಚೀಲದಲ್ಲಿ ಪುಕ್ಕಟೆ ಇರುತ್ತದೆ. ಪುಕ್ಕಟೆ ಎಂಬುದೇ ಅದರ ಪಾಪ! "ಸಲಾಯಿನ್ ಹಚ್ಚಿದ್ರಷ್ಟ ಡಾಕ್ಟರು" ಎನ್ನುವ ಗಂಡಸರಿಗೆ ರಾತ್ರಿಯಿಡೀ ಕೂತು ಚಮಚೆಯಲ್ಲಿ ಕುಡಿಸುವುದು ಇಲಾಜಾಗಿ ಕಾಣುವುದಿಲ್ಲ. ಹೆಂಗಸಿನ ಕೆಲಸವಲ್ಲವೆ, ಲೆಕ್ಕಕ್ಕಿಲ್ಲ.

ಕುಂದಗೋಳ ತಾಲೂಕಿನ ನಮ್ಮ ಶಾಲೆಯಲ್ಲಿ ಐದನೆಯ ಇಯತ್ತೆಯ ಹುಡುಗಿಯೊಬ್ಬಳು ಮೂರು ದಿನ ಬರಲಿಲ್ಲ. ಕೇಳಿದೆ. "ತಮ್ಮಗ ಚಮಚೆಲೆ ನೀರ ಕುಡಸಾಕತ್ತಿದ್ದೆ ಅಕ್ಕೋರ್ರಿ. ಅವ್ವ ಹೆಸರಿನ ಹೊಲದಾಗ ಕಸ ತೆಗ್ಯಾಕ ಹೋಗಿದ್ಲು." ಅಪ್ಪ? "ಕಟ್ಟಿ ಮ್ಯಾಲ ಇದ್ದನ್ರಿ." ಹತ್ತು ವರ್ಷದ ಮಗುವಿಗೆ ಬರುವ ಕೆಲಸ ಅಪ್ಪನಿಗೆ ಬಾರದೆ? ತಮ್ಮ ಉಳಿದ, ಸರಿ. ಅಕ್ಕನ ಪಾಠಕ್ಕೆ ಯಾರು ಹೊಣೆ?

ಪೇಟೆಯ ನಾವೂ ಕಡಿಮೆಯಿಲ್ಲ. ಭೇದಿ ಕಟ್ಟುವ ಗುಳಿಗೆ ಕೇಳುತ್ತೇವೆ. ಅದು ಕೂಸಿಗೆ ಅಪಾಯ. ಒಆರ್‌ಎಸ್ ಎಂದು ಬರೆದ ಸಿಹಿ ಪಾನಕದ ಡಬ್ಬಿ ತರುತ್ತಿದ್ದೆವು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನಕಗಳಿಗೆ ಆ ಹೆಸರು ಕೂಡದೆಂದು ಆದೇಶಿಸಿತು. ಸಕ್ಕರೆ ಹೆಚ್ಚಾದರೆ ಭೇದಿಯೂ ಹೆಚ್ಚುತ್ತದೆ.

ದೊಡ್ಡ ಪಾಕೀಟನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೇ ಬೆರೆಸಬೇಕು. ಒಂದು ದಿನ ದಾಟಿದರೆ ಚೆಲ್ಲಬೇಕು. ಒಂದೆರಡು ನಿಮಿಷಕ್ಕೊಂದು ಚಮಚೆ. ಕಾರಿಕೊಂಡರೆ ಹತ್ತು ನಿಮಿಷ ತಡೆದು ಮತ್ತೆ ನಿಧಾನವಾಗಿ. ಮೊಲೆಹಾಲು, ಮೆತ್ತನ್ನ ಬಿಡಬಾರದು. ಜಿಂಕ್ ಗುಳಿಗೆಯನ್ನು ಆಶಾ ಹೇಳಿದಷ್ಟು ದಿನ ಪೂರ್ತಿ ಕೊಡಬೇಕು. ಕಣ್ಣು ಒಳಸೇರಿದರೆ, ಉಚ್ಚೆ ನಿಂತರೆ, ಮಲದಲ್ಲಿ ರಕ್ತ ಕಂಡರೆ, ಕೂಸು ಮಂಕಾಗಿ ಕುಡಿಯದಿದ್ದರೆ ತಡ ಮಾಡದೆ ದವಾಖಾನೆಗೆ ಓಡಬೇಕು. ಸಲಾಯಿನ್ ಇರುವುದು ಆಗಿನ ಸಲುವಾಗಿ.

ತಾಯಿಯನ್ನು ಕೇಳುವ ಪ್ರಶ್ನೆಯನ್ನು ಪಂಚಾಯತಿಗೂ ಕೇಳೋಣ: ಕೆರೆಯ ನೀರು ಶುದ್ಧವಾಗಿ ಮನೆಗೆ ಬರುತ್ತದೆಯೆ? ಗಟಾರದ ಬದಿಯ ನಳ ಸೋರುವುದು ಯಾರ ಕಣ್ಣು ಬಿದ್ದು? ಮತ್ತೆ, ಅಕ್ಕತಂಗಿಯರೇ, ಮುಂದಿನ ಸಲ ಕೂಸಿಗೆ ಹೊಟ್ಟೆ ಕೆಟ್ಟಾಗ ಬಟ್ಟಲನ್ನೂ ಚಮಚೆಯನ್ನೂ ಮನೆಯ ಗಂಡಸಿನ ಕೈಗೆ ಕೊಟ್ಟು, ಪಾಳಿ ಹಚ್ಚಿ, ಒಂದು ತಾಸು ಮಲಗಿರಿ. ಮನೆಯ ಹುಡುಗಿ ಶಾಲೆಗೆ ಹೋಗಲಿ.